ಎಡೆದೊರೆಯ ಕಲ್ಲು, ಹುಲ್ಲು, ಹೆಸರು

(ಬಾನುಲಿ ಭಾಷಣ)

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ನೆಲವನ್ನು ನಮ್ಮ ಹಳೆಯ ಶಾಸನಗಳು ‘ಎಡೆದೊರೆ ನಾಡು’ ಎಂದು ಕರೆದಿವೆ. ಎರಡು ತೊರೆಗಳ ಎಡೆಯಲ್ಲಿರುವ ನಾಡು ಎಂಬುದು ಅದರ ಅರ್ಥ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಈ ನಾಡಿನ ಒಡಲಲ್ಲಿಯೇ ಇವೆ. ರಾಜರ ಹೆಸರನ್ನಾಗಲಿ ದೇವರ ಹೆಸರನ್ನಾಗಲಿ ಹಿಡಿಯದೆ, ನೆಲದ ಇರವನ್ನು ಕಣ್ಣಾರೆ ನೋಡಿ ಇಟ್ಟ ಹೆಸರು ಇದು. ಇಂದಿನ ನನ್ನ ಮಾತು ಇಂತಹ ಹೆಸರುಗಳನ್ನು ಕುರಿತದ್ದು. ಆ ಹೆಸರುಗಳ ಹಿಂದಿರುವ ಕಲ್ಲು, ಹುಲ್ಲು, ಹಕ್ಕಿಗಳನ್ನು ಕುರಿತದ್ದು.

ಈ ಸೀಮೆಯ ಬಗೆಗೆ ಹೊರಗಿನವರಲ್ಲಿ ಒಂದು ಅಭಿಪ್ರಾಯ ಬೇರೂರಿದೆ. ಇಲ್ಲಿ ಬಿಸಿಲಿದೆ, ಬಂಡೆಯಿದೆ, ಜಾಲಿಯಿದೆ. ನೋಡತಕ್ಕದ್ದು ಮತ್ತೇನೂ ಇಲ್ಲ ಎಂದು ಅವರು ತಿಳಿದಿದ್ದಾರೆ. ನಿಸರ್ಗವೆಂದೊಡನೆ ನಮ್ಮ ಮನಸ್ಸು ಮಲೆನಾಡಿಗೆ ಓಡುತ್ತದೆ. ನಮ್ಮ ಹೊಸಗನ್ನಡ ಕಾವ್ಯದ ಪ್ರಕೃತಿಯೂ ಬಹುಮಟ್ಟಿಗೆ ಹಸುರಿನ ಪ್ರಕೃತಿಯೇ. ಹೀಗಾಗಿ ಸಿಂಧನೂರಿನ ಹುಡುಗನೊಬ್ಬ ತಾನು ಎಂದೂ ಕಾಣದ ಮಳೆಕಾಡಿನ ವರ್ಣನೆಯನ್ನು ಬಾಯಿಪಾಠ ಮಾಡುತ್ತಾನೆ; ಮನೆಯ ಹಿತ್ತಿಲಿನಾಚೆ ಇರುವ ಗುಡ್ಡದ ಕಲ್ಲು ಯಾವ ಜಾತಿಯದೆಂದು ಕೇಳಿದರೆ ಸುಮ್ಮನಾಗುತ್ತಾನೆ. ಅದು ಅವನ ತಪ್ಪಲ್ಲ. ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಕಾಲೇಜಿನ ಕೆಲಸದಿಂದ ಬಿಡುವು ದೊರೆತ ಮೇಲೆ ಕೆಲವು ವರ್ಷಗಳಿಂದ ನಾನು ಚಳಿಗಾಲದ ಭಾನುವಾರಗಳಲ್ಲಿ ಕೆಲವು ಮಿತ್ರರೊಡನೆ ಈ ಗುಡ್ಡಗಳನ್ನೂ ಹಳ್ಳಗಳನ್ನೂ ಸುತ್ತುವ ಅಭ್ಯಾಸವಿಟ್ಟುಕೊಂಡಿದ್ದೇನೆ. ಅವರಲ್ಲಿ ಒಬ್ಬರು ಭೂವಿಜ್ಞಾನ ಬಲ್ಲವರು, ಒಬ್ಬರು ಸಸ್ಯಶಾಸ್ತ್ರದ ಅಧ್ಯಾಪಕರು, ಮತ್ತೊಬ್ಬರು ಕೊರಳಿಗೆ ದುರ್ಬೀನು ಹಾಕಿಕೊಂಡು ಹಕ್ಕಿಗಳ ಹಿಂದೆ ಅಲೆಯುವವರು. ದಾರಿಯಲ್ಲಿ ಕುರಿ ಕಾಯುವವರು, ಹೊಲದವರು, ಮೀನು ಹಿಡಿಯುವವರು ಜೊತೆಗೂಡುತ್ತಾರೆ. ಈ ಎರಡು ಬಗೆಯ ಜನರ ನಡುವೆ ನಡೆದ ಕನ್ನಡದ ಮೇಷ್ಟರಿಗೆ ಒಂದು ಸಂಗತಿ ಮನಸ್ಸಿಗೆ ನಾಟಿತು. ಒಂದು ನೆಲವನ್ನು ತಿಳಿಯಬೇಕಾದರೆ ಇಬ್ಬರು ಸಾಕ್ಷಿಗಳು ಬೇಕು. ಒಬ್ಬರು ವಸ್ತುವಿನ ಜಾತಿಯನ್ನು ಬಲ್ಲವರು. ಇನ್ನೊಬ್ಬರು ಅದರ ಹೆಸರನ್ನು ಬಲ್ಲವರು. ಒಬ್ಬರ ಸಾಕ್ಷ್ಯವನ್ನೇ ನಂಬಿದರೆ ಅರ್ಧ ನೆಲ ಕಣ್ಣಿಗೆ ಕಾಣುವುದಿಲ್ಲ.

ಮೊದಲು ಕಲ್ಲಿನ ಮಾತನ್ನು ಹೇಳುತ್ತೇನೆ. ಮಸ್ಕಿಯ ದುರ್ಗದ ಗುಡ್ಡವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಒಂದರ ಮೇಲೊಂದು ಹೇರಿಟ್ಟಂತೆ ಕಾಣುವ ಬಂಡೆಗಳನ್ನು ಭೀಮನೋ ರಾಕ್ಷಸರೋ ಎತ್ತಿಟ್ಟರೆಂದು ಜನ ಹೇಳುವುದುಂಟು. ಅವನ್ನು ಯಾರೂ ಎತ್ತಿಟ್ಟಿಲ್ಲ ಎನ್ನುತ್ತಾರೆ ನಮ್ಮ ಭೂವಿಜ್ಞಾನದ ಮಿತ್ರರು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿದ ಶಿಲೆ ಮೆಲ್ಲಮೆಲ್ಲನೆ ಆರಿ ಗ್ರಾನೈಟ್ ಆಯಿತು. ಅದರಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕುಗಳು ಮೂಡಿದವು. ನೀರು ಆ ಬಿರುಕುಗಳಿಗೆ ಇಳಿದು ಮೂಲೆಗಳನ್ನು ಕೊರೆಯಿತು. ಚೌಕದ ತುಂಡುಗಳು ಗುಂಡಾದವು. ಮೇಲಿನ ಮಣ್ಣು ಕೊಚ್ಚಿಹೋದಾಗ ಗುಂಡುಗಳು ಇದ್ದಲ್ಲಿಯೇ ನಿಂತು ಹೊರಗೆ ಕಂಡವು. ಇಂದಿಗೂ ಅವುಗಳ ಮೈಯಿಂದ ಉಳ್ಳಾಗಡ್ಡಿಯ ಪದರಿನಂತೆ ಚಕ್ಕೆಗಳು ಕಳಚಿಕೊಳ್ಳುತ್ತಿರುತ್ತವೆ. ಎತ್ತಿಟ್ಟದ್ದಲ್ಲ, ಉಳಿದದ್ದು ಎಂಬ ಈ ವಿವರಣೆಯನ್ನು ಕೇಳಿದ ಮೇಲೆ ಆ ಗುಡ್ಡವನ್ನು ಹಿಂದಿನ ಕಣ್ಣಿನಿಂದ ನೋಡಲು ಸಾಧ್ಯವಾಗಲಿಲ್ಲ.

ಈ ಗುಡ್ಡಕ್ಕೆ ಕೀರ್ತಿ ಬಂದ ಬಗೆಯೂ ಕುತೂಹಲಕರವಾದುದು. 1915ರಲ್ಲಿ ಸಿ. ಬೀಡನ್ ಎಂಬ ಎಂಜಿನಿಯರು ಚಿನ್ನದ ಜಾಡನ್ನು ಅರಸುತ್ತ ಇಲ್ಲಿ ಅಲೆಯುತ್ತಿದ್ದ. ಚಿನ್ನವನ್ನು ಹುಡುಕಿದ ಕಣ್ಣಿಗೆ ಬಂಡೆಯ ಮೇಲಿನ ಬ್ರಾಹ್ಮೀ ಅಕ್ಷರಗಳು ಬಿದ್ದವು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಹೈದರಾಬಾದಿನ ಪುರಾತತ್ವ ಮಾಲೆಯಲ್ಲಿ ಆ ಶಾಸನವನ್ನು ಪ್ರಕಟಿಸಿದರು. ಅಲ್ಲಿಯವರೆಗೆ ದೊರೆತ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೆ ಇದ್ದವು. ‘ಅಶೋಕ’ ಎಂಬ ಹೆಸರು ಸ್ಪಷ್ಟವಾಗಿ ಕಂಡದ್ದು ಮಸ್ಕಿಯಲ್ಲಿ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ತುಂಗಭದ್ರೆಯ ಆಚೆಯ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ಹೆಸರು ದೊರೆಯಿತು. ಒಂದು ಹೆಸರು ದೊರೆತುದರಿಂದ ಹಲವು ಶಾಸನಗಳ ಒಡೆಯ ಯಾರೆಂಬ ವಿಷಯದಲ್ಲಿ ಉಳಿದಿದ್ದ ಸಂದೇಹ ತೀರಿತು. ಹೆಸರಿಗೆ ಎಷ್ಟು ಬೆಲೆ ಎಂಬುದನ್ನು ತಿಳಿಯಲು ನಮ್ಮ ನಾಡಿನವರು ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ.

ಬೀಡನ್ನನಿಗಿಂತ ಮೊದಲೂ ಇಲ್ಲಿ ನಡೆದವರಿದ್ದರು. 1841ರಿಂದ 1853ರ ವರೆಗೆ ಸುರಪುರದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರ್ ಆ ಸೀಮೆಯ ಹಳೆಯ ಕಲ್ಗೋರಿಗಳನ್ನು ಅಗೆಸಿ, ಅಳೆದು, ಚಿತ್ರ ಬರೆದಿಟ್ಟ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ 1870ರಲ್ಲಿಯೂ 1888ರಲ್ಲಿಯೂ ಮಸ್ಕಿಯನ್ನು ಕಂಡ. ಶಿಲೆಗಳನ್ನು ನೋಡಲು ಬಂದವನು ಕಲ್ಲಿನ ಕೊಡಲಿಗಳನ್ನೂ ಮಡಕೆಯ ಚೂರುಗಳನ್ನೂ ಆಯ್ದ. ನಮ್ಮ ಭಾಗದ ಕರಿಹಸುರು ಪದರುಗಲ್ಲಿನ ಪಟ್ಟಿಗಳಿಗೆ ‘ಧಾರವಾಡ ಶಿಲಾವರ್ಗ’ ಎಂಬ ಹೆಸರನ್ನು ಕೊಟ್ಟವನೂ ಅವನೇ. ಧಾರವಾಡವೆಂದರೆ ನಮಗೆ ಸಾಹಿತ್ಯದ ಊರು. ಭೂವಿಜ್ಞಾನಿಗಳಿಗೆ ಅದು ಒಂದು ಶಿಲೆಯ ಹೆಸರು. 1954ರಲ್ಲಿ ಪುರಾತತ್ವ ಸರ್ವೇಕ್ಷಣೆಯವರು ಮಸ್ಕಿಯಲ್ಲಿ ಅಗೆದಾಗ, ನೂತನ ಶಿಲಾಯುಗದಿಂದ ಮೊದಲ್ಗೊಂಡು ಮಧ್ಯಯುಗದ ವರೆಗಿನ ನಾಲ್ಕು ಕಾಲಗಳ ನೆಲೆಗಳು ಒಂದರ ಮೇಲೊಂದು ಕಂಡುಬಂದವು. ಇವರೆಲ್ಲರ ಬರಹಗಳಲ್ಲಿ ಕಲ್ಲಿಗೆ, ಮಡಕೆಗೆ, ಮಣಿಗೆ ಲೆಕ್ಕವಿದೆ. ಆ ಹಳ್ಳಕ್ಕೆ, ಆ ಗುಡ್ಡಕ್ಕೆ ಮುಂದಾಗಿ ನಡೆದು ದಾರಿ ತೋರಿದ ಊರವರ ಹೆಸರು ಮಾತ್ರ ಬಹುಮಟ್ಟಿಗೆ ಇಲ್ಲ. ನಾನು ಹೇಳಿದ ಎರಡನೆಯ ಸಾಕ್ಷಿ ಕಾಣೆಯಾದದ್ದು ಅಲ್ಲಿಂದಲೇ.

ಆ ಎರಡನೆಯ ಸಾಕ್ಷಿಯ ಮಾತು ಎಷ್ಟು ದೊಡ್ಡದೆಂಬುದಕ್ಕೆ ಒಂದು ನಿದರ್ಶನ ಕೊಡಬಹುದು. ಬಳ್ಳಾರಿ, ರಾಯಚೂರು, ಸುರಪುರ ಸೀಮೆಗಳಲ್ಲಿ ಅಲ್ಲಲ್ಲಿ ಬೂದಿಯ ದಿಬ್ಬಗಳಿವೆ. ಬೂದಿಹಾಳ, ಬೂದಿಗುಂಟೆ ಎಂಬಂತಹ ಹೆಸರುಗಳನ್ನು ನೀವು ಕೇಳಿದ್ದೀರಿ. ಕುಡುತಿನಿಯ ಬಳಿಯಲ್ಲಿರುವುದು ಹೆಸರುವಾಸಿಯಾದದ್ದು. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಈ ದಿಬ್ಬಗಳ ಮುಂದೆ ನಿಂತು ಬಗೆಬಗೆಯಾಗಿ ವಾದಿಸಿದರು. ಜ್ವಾಲಾಮುಖಿ ಉಗುಳಿದ ಕಿಟ್ಟವಿರಬಹುದು, ಕುಲುಮೆಯ ಕಿಟ್ಟವಿರಬಹುದು, ಹಿಂದಿನವರ ಸಾಮೂಹಿಕ ಚಿತೆಯ ಶೇಷವಿರಬಹುದು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಸಗಣಿ ಸುಟ್ಟ ಬೂದಿಯೆಂದು ಬ್ರೂಸ್ ಫೂಟ್ ಊಹಿಸಿದ್ದ. ರೇಮಂಡ್ ಆಲ್ಚಿನ್ ಎಂಬ ವಿದ್ವಾಂಸರು 1957ರಲ್ಲಿ ಕೃಷ್ಣೆಯಾಚೆಯ ಉಟ್ನೂರಿನಲ್ಲಿ ಅಗೆದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೂ ಬೇಲಿಗೂಟಗಳ ಕುಳಿಗಳೂ ಕಂಡವು. 1960ರ ಹೊತ್ತಿಗೆ ಪ್ರಯೋಗಶಾಲೆಯ ಪರೀಕ್ಷೆಯೂ ಅದನ್ನೇ ಹೇಳಿತು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ದನ ಸಾಕಿದವರು ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟದ್ದರಿಂದ ಆದ ದಿಬ್ಬಗಳು ಅವು.

ವಿದ್ವಾಂಸರು ನೂರು ವರ್ಷಗಳಿಗೂ ಹೆಚ್ಚು ಕಾಲ ವಾದಿಸಿ ಕಂಡುಕೊಂಡ ‘ಬೂದಿ’ ಎಂಬ ಸಂಗತಿ ಊರವರ ಹೆಸರಿನಲ್ಲಿ ಮೊದಲೇ ಇತ್ತು! ಕೂಡಲೇ ಇನ್ನೊಂದು ಮಾತನ್ನೂ ಸೇರಿಸಬೇಕು. ಊರವರ ಹೆಸರು ದಿಟವಾಗಿತ್ತು. ಅವರ ಕಥೆ ದಿಟವಾಗಿರಲಿಲ್ಲ. ಅದು ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಎಂಬುದು ಅವರ ಕಥೆ. ಬೂದಿಯೆಂದು ಹೇಳಲು ಊರವರು ಬೇಕಾಯಿತು. ಯಾವುದರ ಬೂದಿಯೆಂದು ಹೇಳಲು ವಿಜ್ಞಾನ ಬೇಕಾಯಿತು.

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಬಳಿಯ ಪಿಕ್ಳಿಹಾಳದಲ್ಲಿ ಇದೇ ಆಲ್ಚಿನ್ 1952ರಲ್ಲಿ ಅಗೆದಿದ್ದರು. ಅಲ್ಲಿಯ ಬಂಡೆಗಳ ಮೇಲೆ ಆ ಹಳೆಯ ದನಗಾಹಿಗಳು ಕುಟ್ಟಿ ಮೂಡಿಸಿದ ಗೂಳಿಗಳಿವೆ. ಉದ್ದ ಕೊಂಬಿನ, ಎತ್ತರದ ಹಿಣಿಲಿನ ಗೂಳಿಗಳು. ಅಲ್ಲಿಂದ ಹೆಚ್ಚು ದೂರವಿಲ್ಲದ ಹಟ್ಟಿಗೆ ಬಂದರೆ ಚಿನ್ನದ ಗಣಿಯಿದೆ. ‘ಹಟ್ಟಿ’ ಎಂಬ ಮಾತಿಗೆ ದನದ ಕೊಟ್ಟಿಗೆ, ದನಗಾಹಿಗಳ ಹಳ್ಳಿ ಎಂಬ ಅರ್ಥಗಳಿವೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೆ ದೇಶದಲ್ಲಿ ಚಿನ್ನವೆಂದರೆ ಹೆಸರಿಸಬೇಕಾದ ಊರು ಇದು. ಅದರ ಹೆಸರು ಮಾತ್ರ ಇನ್ನೂ ದನದ ದೊಡ್ಡಿಯದೇ. 1947ರಲ್ಲಿ ಇಲ್ಲಿ ಇಂದಿನ ಕಂಪನಿ ಸ್ಥಾಪನೆಯಾಯಿತು. ಅದಕ್ಕಿಂತ ಎರಡು ಸಾವಿರ ವರ್ಷಗಳ ಹಿಂದೆಯೇ ಹಳಬರು ಬಂಡೆಯ ಬುಡದಲ್ಲಿ ಬೆಂಕಿ ಹಾಕಿ, ಕಾದ ಕಲ್ಲಿಗೆ ನೀರು ಸುರಿದು, ಅದು ಸಿಡಿದಂತೆಲ್ಲ ಅಗೆದು ನೂರಾರು ಅಡಿ ಆಳಕ್ಕೆ ಇಳಿದಿದ್ದರು. ಹಳೆಯ ಕುಳಿಗಳಲ್ಲಿ ದೊರೆತ ಮರದ ತುಂಡುಗಳ ಕಾಲವನ್ನು ವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಈ ಚಿನ್ನವನ್ನು ಒಡಲಲ್ಲಿಟ್ಟುಕೊಂಡ ಕರಿಹಸುರು ಕಲ್ಲು ಹಿಂದೆ ಲಾವಾರಸವಾಗಿತ್ತು. ಅದರ ಕೆಲವು ಭಾಗ ನೀರಿನೊಳಗೆ ಉಕ್ಕಿ ದಿಂಬುಗಳ ಆಕಾರದಲ್ಲಿ ಹೆಪ್ಪುಗಟ್ಟಿತು. ಇಂದು ಕೊಡ ನೀರಿಗೆ ಮೈಲಿ ನಡೆಯುವ ನೆಲ ಒಂದು ಕಾಲಕ್ಕೆ ನೀರಿನಡಿಯಲ್ಲಿತ್ತು. ಇಂತಹ ‘ದಿಂಬು ಲಾವಾ’ ಸ್ಪಷ್ಟವಾಗಿ ಕಾಣುವ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ್ದಾರೆ. ಮರಡಿ ಎಂದರೆ ಕಲ್ಲುದಿಬ್ಬ. ಹೆಸರು ಇಲ್ಲಿಯೂ ಮುಂದಾಗಿಯೇ ಇದೆ.

ಹೆಸರುಗಳನ್ನು ಹೀಗೆ ಹೊಗಳಿದೆನೆಂದು ಅವು ಎಂದೂ ದಾರಿ ತಪ್ಪಿಸುವುದಿಲ್ಲವೆಂದು ತಿಳಿಯಬಾರದು. ಗುಡ್ಡದಿಂದ ಕೆಳಗಿಳಿದರೆ ಹೊಲದ ಬದು, ಕಾಲುವೆಯ ದಂಡೆ, ಹಾಳುಬಿದ್ದ ಕೆರೆಯಂಗಳ ಎಲ್ಲವನ್ನೂ ತುಂಬಿಕೊಂಡಿರುವುದು ಬಳ್ಳಾರಿ ಜಾಲಿ. ಹೆಸರನ್ನು ಕೇಳಿದವರು ಅದು ಪಕ್ಕದ ಜಿಲ್ಲೆಯ ಗಿಡವೆಂದೇ ತಿಳಿಯುತ್ತಾರೆ. ಅದರ ತವರು ಅಮೆರಿಕ ಖಂಡದ ಒಣನಾಡು. ಸೌದೆಗೆಂದೂ ಬೇಲಿಗೆಂದೂ ತಂದು ನೆಟ್ಟದ್ದು ಈಗ ನಮ್ಮ ಕರಿಜಾಲಿ, ಬಿಳಿಜಾಲಿ, ಬಾರಿಗಿಡಗಳ ಜಾಗವನ್ನು ಕಬಳಿಸಿ ನಿಂತಿದೆ. ಮಸ್ಕಿಯ ಕಡೆಯ ಕಲ್ಲುಸಂದಿಗಳಲ್ಲಿ ತಾನಾಗಿ ಬೆಳೆಯುವ ಸೀತಾಫಲವನ್ನು ನೋಡಿ. ಸೀತಮ್ಮ ವನವಾಸದಲ್ಲಿ ತಿಂದ ಹಣ್ಣೆಂದು ನಮ್ಮ ಅಜ್ಜಿಯರು ಹೇಳಿದ್ದನ್ನು ಕೇಳಿ ಬೆಳೆದವರು ನಾವು. ಅದೂ ಅದೇ ಅಮೆರಿಕದಿಂದ ಹಡಗು ಹತ್ತಿ ಬಂದ ಅತಿಥಿಯೆಂದು ಸಸ್ಯಶಾಸ್ತ್ರದ ಮಿತ್ರರು ಹೇಳಿದಾಗ ನಮ್ಮ ಗುಂಪಿನ ಹಿರಿಯರೊಬ್ಬರಿಗೆ ನೋವೇ ಆಯಿತು. ಅದನ್ನು ಒಳಗೆ ಕರೆದುಕೊಂಡು ಸೀತೆಯ ಹೆಸರನ್ನು ಕೊಟ್ಟದ್ದು ನಮ್ಮ ಭಾಷೆಯ ಔದಾರ್ಯ. ಅದು ಎಲ್ಲಿಂದ ಬಂತೆಂದು ತಿಳಿಸಿದ್ದು ಶಾಸ್ತ್ರದ ಪ್ರಾಮಾಣಿಕತೆ. ಇವೆರಡೂ ನಮಗೆ ಬೇಕು.

ಇಬ್ಬರು ಸಾಕ್ಷಿಗಳು ಒಟ್ಟಿಗೆ ನಿಂತು ಮಾತಾಡಿದ್ದನ್ನು ನಾನೊಮ್ಮೆ ಕಣ್ಣಾರೆ ಕಂಡೆ. ಲಿಂಗಸುಗೂರಿನ ದಾರಿಯಲ್ಲಿ, ಕೊಯ್ದ ಬಿಳಿಜೋಳದ ಹೊಲವೊಂದರಲ್ಲಿ ದಂಟಿನ ಬುಡದಿಂದ ಎಳೆಯ ಚಿಗುರು ಎದ್ದಿತ್ತು. ನಮ್ಮ ಕಡೆ ಅದಕ್ಕೆ ಕೂಳೆ ಎನ್ನುತ್ತಾರೆ. ಕಂಬಳಿ ಹೊದ್ದ ಹಿರಿಯರೊಬ್ಬರು ತಮ್ಮ ಕುರಿಗಳನ್ನು ಆ ಹಸುರಿನ ಬಳಿಗೆ ಸುಳಿಯಗೊಡದೆ ಬದುವಿನ ಒಣಹುಲ್ಲಿನ ಕಡೆಗೆ ತಿರುಗಿಸುತ್ತಿದ್ದರು.

“ಯಜಮಾನ್ರೇ, ಹಸುರು ಬಿಟ್ಟು ಒಣಹುಲ್ಲು ಮೇಯಿಸುತ್ತಿದ್ದೀರಲ್ಲ?” ಎಂದೆ.

“ಕೂಳಿ ಐತ್ರೀ ಸರ ಅದು. ಹಸಿದು ತಿಂದ್ರ ಕುರಿ ನಿಂತಲ್ಲೇ ಬಿದ್ದು ಸಾಯ್ತಾವ. ಕೊಯ್ದು ಒಣಗಿಸಿದ ಮ್ಯಾಲ ಏನೂ ಆಗಂಗಿಲ್ಲ, ಆವಾಗ ಹಾಕ್ತೀವಿ” ಎಂದರು ಅವರು.

ಸಸ್ಯಶಾಸ್ತ್ರದ ಮಿತ್ರರು ಅಲ್ಲಿಯೇ ಒಂದು ಕಲ್ಲಿನ ಮೇಲೆ ಕುಳಿತು ಅದರ ಕಾರಣವನ್ನು ಬಿಡಿಸಿ ಹೇಳಿದರು. ಜೋಳದ ಎಳೆಯ ಚಿಗುರಿನಲ್ಲಿ, ಅದರಲ್ಲಿಯೂ ನೀರಿಲ್ಲದೆ ಸೊರಗಿದ ಚಿಗುರಿನಲ್ಲಿ, ಒಂದು ಬಗೆಯ ದ್ರವ್ಯವಿರುತ್ತದೆ. ದನಕರು ಅದನ್ನು ಅಗಿದಾಗ ಸಯನೈಡಿನ ವಿಷ ಹುಟ್ಟಿ ರಕ್ತಕ್ಕೆ ಸೇರುತ್ತದೆ. ಚೆನ್ನಾಗಿ ಒಣಗಿದಾಗ ವಿಷ ಬಹಳಷ್ಟು ಹಾರಿಹೋಗುತ್ತದೆ. ಹಿರಿಯರು ಎಲ್ಲವನ್ನೂ ಕೇಳಿಕೊಂಡು, “ಹಂಗಂದ್ರ ನಾವು ಹೇಳಿದ್ದೂ ಅದನರೀ” ಎಂದು ನಕ್ಕರು. ಇಬ್ಬರಿಗೂ ಸಂತೋಷವಾಯಿತು. ‘ಕೂಳೆ’ ಎಂಬ ಎರಡಕ್ಷರದ ಮಾತಿನಲ್ಲಿ ಎಷ್ಟು ಕುರಿಗಳ ಸಾವು, ಎಷ್ಟು ತಲೆಮಾರಿನ ಎಚ್ಚರ ಅಡಗಿದೆ ಎಂದು ನಾನು ಆಲೋಚಿಸಿದೆ. ನಿಘಂಟಿನಲ್ಲಿ ನಾವು ಅದಕ್ಕೆ ‘ಮರುಚಿಗುರು’ ಎಂದಷ್ಟೆ ಬರೆದು ಮುಂದಿನ ಪದಕ್ಕೆ ಹೋಗಿಬಿಡುತ್ತೇವೆ.

ಇನ್ನು ಸಿಂಧನೂರಿನ ವಿಚಾರ. ಈ ತಾಲ್ಲೂಕಿನ ಮುಖ ನನ್ನ ತಲೆಮಾರಿನ ಕಣ್ಣೆದುರಿನಲ್ಲಿಯೇ ಬದಲಾಯಿತು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯಿತು. ಎಡದಂಡೆಯ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಗಳ ಮೂಲಕ ರಾಯಚೂರಿನ ಕಡೆಗೆ ಹರಿಯಿತು. ಜೋಳ, ಹತ್ತಿಗಳ ಎರೆಹೊಲಗಳು ಭತ್ತದ ಗದ್ದೆಗಳಾದವು. ನೀರಿನೊಡನೆ ಹೊಸ ಜೀವಗಳೂ ಬಂದವು. ಇಂದು ಗದ್ದೆಯಲ್ಲಿ ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿಗಳ ಸಾಲು ನಡೆಯುತ್ತದೆ. ಬಿಳಿ ಕೆಂಬರಲು ಕೆಸರಿನಲ್ಲಿ ಬಾಗಿದ ಕೊಕ್ಕನ್ನು ಊರುತ್ತದೆ. ಕೊಕ್ಕಿನ ನಡುವೆ ಸಂದು ಬಿಟ್ಟುಕೊಂಡ ಬಾಯ್ಕಳಕ ಕೊಕ್ಕರೆ ಬಸವನಹುಳುಗಳನ್ನು ಹೆಕ್ಕುತ್ತದೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಸಿಂಧನೂರಿನ ಕ್ಯಾಂಪುಗಳಲ್ಲಿ ನೆಲೆಸಿದವರು ನೀರನ್ನು ಬಲ್ಲ ಜನ. ನಾವು ನೈದಿಲೆ ಎನ್ನುವ ಹೂವನ್ನು ಅವರು ತಮ್ಮ ಭಾಷೆಯಲ್ಲಿ ‘ಶಾಪ್ಲಾ’ ಎನ್ನುತ್ತಾರೆ. ಅದರ ದಂಟನ್ನು ಪಲ್ಯ ಮಾಡಿ ಉಣ್ಣುತ್ತಾರೆ. ನೈದಿಲೆಯನ್ನು ಕಾವ್ಯದಲ್ಲಿ ಮಾತ್ರ ಬಲ್ಲ ನನ್ನಂಥವನಿಗೆ ಅದನ್ನು ತಟ್ಟೆಯಲ್ಲಿ ಕಂಡಾಗ ಬೆರಗಾಯಿತು. ಹೊಸ ನೀರಿಗೆ ಹೊಸ ಹೆಸರುಗಳೂ ಬಂದಿವೆ ಎಂಬುದನ್ನು ಮರೆಯಲಾಗದು.

ಆದರೆ ನೀರು ತಂದಂತೆ ಕೊಂಡೊಯ್ದದ್ದೂ ಉಂಟು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಗುಲಾಬಿ ಮೈಬಣ್ಣದ ಗೊರವಂಕಗಳನ್ನು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಪಕ್ಷಿಗ್ರಂಥಗಳು ‘ಜೋಳದ ಹಕ್ಕಿ’ ಎಂಬ ಅರ್ಥದ ಹೆಸರಿನಿಂದಲೇ ಕರೆದಿವೆ. ಜೋಳ ಹಾಲುಗಾಳಾಗುವ ಹೊತ್ತಿಗೆ ಅವು ಮೋಡದಂತೆ ಇಳಿಯುತ್ತಿದ್ದುವು. ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿ ಕೂಗುತ್ತಿದ್ದ ಹುಡುಗರನ್ನು ಈಗ ಕಾಣಬೇಕಾದರೆ ಕಾಲುವೆ ಮುಟ್ಟದ ಮಸ್ಕಿ, ಲಿಂಗಸುಗೂರಿನ ಎರೆಹೊಲಗಳಿಗೆ ಹೋಗಬೇಕು. ‘ಎರೆಭೂತ’ ಎಂಬ ಇನ್ನೊಂದು ಹಕ್ಕಿಯಿದೆ. ಹೆಬ್ಬಕವೆಂದೂ ಅದನ್ನು ಕರೆಯುತ್ತಾರೆ. ಮೂರು ಅಡಿಗೂ ಮಿಕ್ಕಿದ ಎತ್ತರದ, ಎರೆಬಯಲಿನಲ್ಲಿ ಗಂಭೀರವಾಗಿ ನಡೆಯುವ, ಹಾರುವ ಹಕ್ಕಿಗಳಲ್ಲಿ ಬಹು ತೂಕದ ಹಕ್ಕಿ ಅದು. ಇಡೀ ಕರ್ನಾಟಕದಲ್ಲಿ ಈಗ ಅದು ಉಳಿದಿರುವುದು ಬೆರಳೆಣಿಕೆಯಷ್ಟು. ಅದೂ ಸಿಂಧನೂರಿನಿಂದ ನದಿಯಾಚೆ, ಸಿರುಗುಪ್ಪ ಸೀಮೆಯ ಎರೆಬಯಲಿನಲ್ಲಿ. ಎರೆಯಲ್ಲಿ ಹಠಾತ್ತನೆ ಕಂಡು ಮಾಯವಾಗುವುದರಿಂದ ‘ಭೂತ’ ಎಂದರೋ ಏನೋ. ಈಗ ಆ ಹೆಸರು ಬೇರೊಂದು ಅರ್ಥದಲ್ಲಿ ನಿಜವಾಗುತ್ತಿದೆ.

ನೆಲಕ್ಕೂ ಹೀಗೆಯೇ ಆಗಿದೆ. ನಮ್ಮ ಒಕ್ಕಲಿಗರು ಮಣ್ಣನ್ನು ಎರೆ, ಮಸಾರಿ, ಗರಸು, ಸವಳು ಎಂದು ವಿಂಗಡಿಸುತ್ತಾರೆ. ಗುಡ್ಡದ ಬುಡದಲ್ಲಿ ಕಲ್ಲು ಪುಡಿಯಾಗಿ ಕೆಂಪು ಮಸಾರಿಯಾಗುತ್ತದೆ. ಅದರಲ್ಲಿಯ ನಯವಾದ ಕಣಗಳು ತಗ್ಗಿಗೆ ಇಳಿದು ನಿಂತು ಎರೆಯಾಗುತ್ತವೆ. ಎರೆ ಬೇಸಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬಿ ತನ್ನನ್ನು ತಾನೇ ಉಳುತ್ತದೆ. ಈ ನೆಲಕ್ಕೆ ಮಿತವಾದ ನೀರು ಸಾಕೆಂದು ಎಣಿಸಿ ಕಾಲುವೆಯನ್ನು ರೂಪಿಸಿದ್ದರು. ಭತ್ತದ ಆಸೆಗೆ ಮೇಲುಭಾಗದಲ್ಲಿ ನೀರು ನಿಂತಿತು; ಕೊನೆಯ ಭಾಗಕ್ಕೆ ಸಾಲದಾಯಿತು. ನಿಂತಲ್ಲಿ ಉಪ್ಪು ಮೇಲಕ್ಕೆ ಬಂದು ಒಳ್ಳೆಯ ಎರೆಯೂ ಸವಳಾಯಿತು. ಹಿಂದೆ ಒಂದೊಂದು ಮೂಲೆಯ ಹೆಸರಾಗಿದ್ದ ‘ಸವಳು’ ಈಗ ಎಷ್ಟೋ ಹೊಲಗಳ ಹೆಸರಾಗಿದೆ. ಅನ್ನ ಕೊಟ್ಟ ನೀರನ್ನು ನಾನು ದೂರುತ್ತಿಲ್ಲ. ಮಣ್ಣಿನ ನಾಲ್ಕು ಹೆಸರುಗಳನ್ನು ನೆನಪಿಟ್ಟವನು ನೀರನ್ನೂ ಅಳತೆಯರಿತು ಬಿಡುತ್ತಾನೆಂಬುದಷ್ಟೆ ನನ್ನ ಮಾತು.

ನಮ್ಮ ಹಿಂದಿನವರಿಗೆ ಈ ಬಗೆಯ ತಿಳಿವಳಿಕೆ ಸಾಹಿತ್ಯದಿಂದ ಹೊರಗಿನದಾಗಿರಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಗಿಡಮರಗಳ ಆರೈಕೆಯನ್ನೂ, ಗಿಡ ಮತ್ತು ಹುತ್ತಗಳನ್ನು ನೋಡಿ ನೆಲದೊಳಗಿನ ನೀರನ್ನು ಅರಿಯುವ ಬಗೆಯನ್ನೂ ಹೇಳಿದ್ದಾನೆ. ಹದಿನಾಲ್ಕನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷಗಳನ್ನೂ ಅವಕ್ಕೆ ಮದ್ದುಗಳನ್ನೂ ಕನ್ನಡ ಪದ್ಯದಲ್ಲಿ ಬರೆದ. 1894ರಲ್ಲಿ ಬಂದ ಕಿಟ್ಟೆಲರ ನಿಘಂಟಿನಲ್ಲಿ ಕನ್ನಡದ ಗಿಡಗಳ ಹೆಸರಿನ ಪಕ್ಕದಲ್ಲಿ ಅವುಗಳ ಶಾಸ್ತ್ರೀಯ ನಾಮಗಳಿವೆ. ಅಂದರೆ ಇಬ್ಬರು ಸಾಕ್ಷಿಗಳೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ನಮ್ಮ ಕಾಲದಲ್ಲಿ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿ ಬರೆದ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಗಿಡದ ಮಾತೂ ಸಾಹಿತ್ಯವೆಂದು ಕನ್ನಡಿಗರು ಒಪ್ಪಿದ ದಿನ ಅದು. ಆದರೆ ಆ ಹಸುರು ಪಶ್ಚಿಮಘಟ್ಟದ್ದು. ಎಡೆದೊರೆಯ ಬಂಡೆಗೂ ಜಾಲಿಗೂ ಇನ್ನೂ ಅಂತಹ ಗ್ರಂಥವೊಂದು ಬರಬೇಕಾಗಿದೆ.

ಇದಕ್ಕೆ ಅವಸರವೂ ಇದೆ. ಬಳ್ಳಾರಿಯ ಬಳಿ ಕಪ್ಪಗಲ್ಲು ಎಂಬ ಊರಿದೆ. ಗ್ರಾನೈಟಿನ ಗುಡ್ಡವನ್ನು ಸೀಳಿಕೊಂಡು ಬಂದ ಕರಿಕಲ್ಲಿನ ಒಡ್ಡು ಅಲ್ಲಿದೆ. ಊರಿನ ಹೆಸರಿನಲ್ಲಿಯೇ ಆ ಕರಿಕಲ್ಲು ಕುಳಿತಿದೆ ಎಂದು ನನ್ನಂಥ ಕನ್ನಡದವನಿಗೆ ತೋರುತ್ತದೆ. ನೂತನ ಶಿಲಾಯುಗದವರು ಅಲ್ಲಿ ಕೊಡಲಿಗಳನ್ನು ಮಾಡಿದರು, ಗೂಳಿಗಳನ್ನು ಕೊರೆದರು. ತಟ್ಟಿದರೆ ಗಂಟೆಯಂತೆ ನುಡಿಯುವ ಬಂಡೆಗಳೂ ಅಲ್ಲಿವೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಅದೇ ಒಡ್ಡಿನ ಒಂದು ಭಾಗವನ್ನು ಜಲ್ಲಿಗಾಗಿ ಒಡೆದರು. ಗ್ರಾನೈಟ್ ಮತ್ತು ಜಲ್ಲಿಯ ಯಂತ್ರಗಳು ನಮ್ಮ ಕಡೆಯೂ ಇವೆ. ಮರವನ್ನು ಕಡಿದರೆ ಅಪರಾಧವೆಂದು ಎಲ್ಲರಿಗೂ ತಿಳಿದಿದೆ. 250 ಕೋಟಿ ವರ್ಷ ನಿಂತ ಬಂಡೆಯನ್ನು ಒಡೆದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಮರ ಮತ್ತೆ ಬೆಳೆದೀತು. ಬಂಡೆ ಬೆಳೆಯುವುದಿಲ್ಲ.

ನಿರಾಶೆಯ ಮಾತಷ್ಟನ್ನೇ ಆಡಲು ನಾನು ಬಂದಿಲ್ಲ. ನೆರೆಯ ಸೀಮೆಯಲ್ಲಿ ಕೆಲವು ಒಳ್ಳೆಯ ಕೆಲಸಗಳು ನಡೆದಿವೆ. ದರೋಜಿಯ ಕಲ್ಲುಗುಡ್ಡಗಳಲ್ಲಿ 1994ರಿಂದ ಕರಡಿಧಾಮವಿದೆ. ತುಂಗಭದ್ರೆಯ 34 ಕಿಲೋಮೀಟರುಗಳ ಹರವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗೆಂದು ಮೀಸಲಿಟ್ಟರು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಚೆಗೆ ತೋಳಗಳಿಗಾಗಿ ಧಾಮವೊಂದನ್ನು ಮಾಡಿದ್ದಾರೆ. ನಮ್ಮ ಕುರಿಗಾಹಿಗಳು ಶತಮಾನಗಳಿಂದ ಹಗೆಯೆಂದು ಬಗೆಯುತ್ತ, ಜೊತೆಯಲ್ಲಿಯೇ ಬಾಳುತ್ತ ಬಂದ ಪ್ರಾಣಿ ತೋಳ. ಬಂಡೆ, ಕುರುಚಲು, ಬಯಲು ಇವೂ ಕಾಪಾಡತಕ್ಕ ನಿಸರ್ಗವೇ ಎಂದು ಸರಕಾರವೂ ಒಪ್ಪಿದಂತಾಯಿತು.

ಇನ್ನುಳಿದದ್ದು ನಮ್ಮ ಪಾಲಿನ ಕೆಲಸ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಪಂಚಾಯತಿಯೂ ತನ್ನ ಎಲ್ಲೆಯೊಳಗಿನ ಜೀವಸಂಪತ್ತಿನ ದಾಖಲೆಯನ್ನು ಊರವರ ನೆರವಿನಿಂದ ಸಿದ್ಧಪಡಿಸಬೇಕು. ಆ ದಾಖಲೆ ಬರಿಯ ಕಡತವಾಗದೆ ಬದುಕಬೇಕಾದರೆ ಅದನ್ನು ಬರೆಯುವಾಗ ಒಬ್ಬ ಶಾಸ್ತ್ರಜ್ಞರೂ ಒಬ್ಬ ಕುರಿಗಾಹಿಯೂ ಒಟ್ಟಿಗೆ ಕುಳಿತಿರಬೇಕು. ಕನ್ನಡದ ಅಧ್ಯಾಪಕರು ಮೂರನೆಯವರಾಗಿ ಕುಳಿತು ಹೆಸರುಗಳನ್ನು ಊರಿನ ಬಾಯಲ್ಲಿರುವಂತೆಯೇ ಬರೆದುಕೊಳ್ಳಲಿ. ಜೀವಿಗಳ ಜೊತೆಗೆ ಕಲ್ಲು, ಮಣ್ಣು, ಹಳ್ಳ, ಮರಡಿಗಳಿಗೂ ಒಂದೆರಡು ಪುಟ ಇರಲಿ. ನಮ್ಮ ಕಾಲೇಜುಗಳ ಕನ್ನಡ ವಿದ್ಯಾರ್ಥಿಗಳು ಒಂದು ವರ್ಷದ ಪ್ರಬಂಧಕ್ಕಾಗಿ ಮತ್ತೊಬ್ಬರ ಪುಸ್ತಕವನ್ನು ನಕಲು ಮಾಡುವ ಬದಲು ತಮ್ಮ ಊರಿನ ನೂರು ಹೆಸರುಗಳನ್ನು ತರಲಿ. ಯಾವ ಗಿಡ, ಎಲ್ಲಿದೆ, ಯಾರು ಹೇಳಿದರು ಎಂಬ ಮೂರು ವಿವರಗಳಿದ್ದರೆ ಸಾಕು. ಹೇಳಿದವರ ಹೆಸರನ್ನು ಬಿಡಬಾರದು. ಹತ್ತೊಂಬತ್ತನೆಯ ಶತಮಾನದ ವರದಿಗಳಲ್ಲಿ ಉಳಿದ ಬಾಕಿ ಅಷ್ಟರಮಟ್ಟಿಗಾದರೂ ತೀರಲಿ.

ಮಸ್ಕಿಯ ಶಾಸನದಲ್ಲಿ ಅಶೋಕನು ಹೇಳಿರುವ ಮಾತಿನ ತಾತ್ಪರ್ಯ ಇಷ್ಟು: ಹಿರಿಯರು ಮಾತ್ರ ಈ ಸಿದ್ಧಿಯನ್ನು ಪಡೆಯಬಲ್ಲರೆಂದು ತಿಳಿಯಬೇಡಿ, ಶ್ರಮಿಸಿದರೆ ಸಣ್ಣವರಿಗೂ ಅದು ದೊರೆಯುತ್ತದೆ. ಅವನು ಹೇಳಿದ್ದು ಧರ್ಮದ ಸಿದ್ಧಿಯನ್ನು ಕುರಿತು. ನೆಲದ ತಿಳಿವಿಗೂ ಆ ಮಾತು ಒಪ್ಪುತ್ತದೆಂದು ನನ್ನ ಭಾವನೆ. ಮುಂದಿನ ಭಾನುವಾರ ಬಿಸಿಲೇರುವ ಮುನ್ನ ನಿಮ್ಮೂರಿನ ಮರಡಿಯ ಕಡೆಗೆ ಹೊರಡಿರಿ. ಶಾಲೆಯ ವಿಜ್ಞಾನದ ಮೇಷ್ಟರನ್ನು ಕರೆದುಕೊಳ್ಳಿರಿ. ಕುರಿ ಕಾಯುವ ಹಿರಿಯರೊಬ್ಬರನ್ನು ಮರೆಯದೆ ಕರೆಯಿರಿ. ಜೇಬಿನಲ್ಲಿ ಒಂದು ಸಣ್ಣ ಪುಸ್ತಕವೂ ಪೆನ್ಸಿಲೂ ಇದ್ದರೆ ಸಾಕು.